ಆಸ್ಪತ್ರೆಯ ವೆಬ್‌ಸೈಟ್ ಅಕ್ಕ

ಆಸ್ಪತ್ರೆಯ ವೆಬ್‌ಸೈಟಿಗೆ ಬರೆಯುವ, ತಿದ್ದುವ ಕೆಲಸದ ಆಕೆಯನ್ನು ಎಲ್ಲರೂ ವೆಬ್‌ಸೈಟ್ ಅಕ್ಕ ಎನ್ನುತ್ತಿದ್ದರು. ಪುಟಗಳನ್ನು ತಾನೇ ತಪಾಸಣೆ ಮಾಡುವ ಸಾಫ್ಟ್‌ವೇರ್ ಬಂದಾಗ ಮ್ಯಾನೇಜರ್, "ಇನ್ನು ನೀವು ಕಾಲು ಚಾಚ್ಕೊಂಡು ಕೂತ್ಕೋಬಹುದು ಬಿಡಿ" ಎಂದು ನಕ್ಕಿದ್ದರು. ಆದರೂ ಅಕ್ಕ ದಿನಾ ಬೆಳಗ್ಗೆ ಆಸ್ಪತ್ರೆಗೆ ಒಂದು ಸುತ್ತು ಹಾಕುವುದನ್ನು ಬಿಡಲಿಲ್ಲ. ಜನ ದಾರಿ ತಪ್ಪಿ ಅಲೆಯುವುದು ಕಂಪ್ಯೂಟರಿಗೆ ಕಾಣುವುದಿಲ್ಲವಲ್ಲ.

ಒಂದು ದಿನ ಕೆಳಮಹಡಿಯ ಖಾಲಿ ಕೋಣೆಯಲ್ಲಿ ವಯಸ್ಸಾದವರೊಬ್ಬರು ಮೊಬೈಲ್ ಹಿಡಿದು ಕೂತಿದ್ದರು.

"ಮಗಳಿಗೆ ಆಪರೇಷನ್ ಆಗ್ತಿದೆಯಮ್ಮ. ಮನೆಯವರು ಇಲ್ಲೇ ಕಾಯ್ಬೇಕು ಅಂತ ವೆಬ್‌ಸೈಟಲ್ಲಿದೆ. ಆವಾಗಿಂದ ಯಾರೂ ಈ ಕಡೆ ತಲೆ ಹಾಕಿಲ್ಲ."

ಅಕ್ಕ ಹೊರಗೆ ಹೋಗಿ ಕಾವಲುಗಾರನನ್ನು ಕೇಳಿ ಬಂದಳು. ಕಾಯುವ ಕೋಣೆ ಹಿಂದಿನ ದಿನವಷ್ಟೇ ಮೇಲಿನ ಮಹಡಿಗೆ ಹೋಗಿತ್ತು. ಅದನ್ನು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಸಾಫ್ಟ್‌ವೇರ್ ಎಲ್ಲ ಸರಿಯಿದೆ ಎಂದಿತ್ತು.

"ಬನ್ನಿ ತಾತ" ಎಂದು ಕೈ ಹಿಡಿದು ಕರೆದೊಯ್ದಳು. ಮೇಲೆ ನರ್ಸ್ ಅವರನ್ನೇ ಹುಡುಕುತ್ತಿದ್ದಳು. "ಎಲ್ಲಿ ಹೋಗಿದ್ರಿ? ನಿಮ್ಮ ಮಗಳಿಗೆ ಎಚ್ಚರ ಆಗಿದೆ, ಅಪ್ಪ ಎಲ್ಲಿ ಅಂತಿದ್ದಾರೆ." ತಾತನ ಕಣ್ಣು ತುಂಬಿ ಬಂತು.

ಅಕ್ಕ ಆ ದಾರಿಯನ್ನು ಮತ್ತೊಮ್ಮೆ ತಾನೇ ನಡೆದು ನೋಡಿ ಪುಟವನ್ನು ಹೊಸದಾಗಿ ಬರೆದಳು: "ಮೇಲಿನ ಮಹಡಿಯಲ್ಲಿ ಲಿಫ್ಟ್ ಇಳಿದು ಎಡಕ್ಕೆ ತಿರುಗಿದರೆ ನೀಲಿ ಬಾಗಿಲು. ಡಾಕ್ಟರು ಅಲ್ಲಿಗೇ ಬಂದು ಮಾತಾಡುತ್ತಾರೆ. ಹೆದರಬೇಡಿ."

ಕೊನೆಯ ಪದ ಅನಗತ್ಯವೆಂದು ಸಾಫ್ಟ್‌ವೇರ್ ಕೆಂಪು ಗೆರೆ ಎಳೆಯಿತು. ಅಕ್ಕ ಅದನ್ನು ಅಳಿಸಲಿಲ್ಲ.