ಸೇತುವೆ ಮುರಿದ ಮೇಲಿನ ಪುಟ

ನನ್ನ ತಮ್ಮನ ಕಣ್ಣು ಹೋದಾಗ ಅವನು ಎಂಟನೇ ಕ್ಲಾಸಿನಲ್ಲಿದ್ದ. ನಮ್ಮ ಮನೆ ಮುಳಬಾಗಿಲಿನಲ್ಲಿ. ಅಪ್ಪ ಪೌರೋಹಿತ್ಯ ಮಾಡುತ್ತಿದ್ದರು, ನಾನು ಕೋಲಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದಿರಬೇಕು.

ಆಗ ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೊ ಗೇಮ್ ಅಂಗಡಿ ಬಂದಿತ್ತು. ಒಂದಷ್ಟು ಹಳೆಯ ಟೀವಿಗಳು, ಅವುಗಳ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು. ತಮ್ಮ ಅಲ್ಲಿ ಆಡುತ್ತಿದ್ದದ್ದು ಒಂದೇ ಆಟ. ಬೇರೆ ಬೇರೆ ಆಟಗಳ ನಾಯಕರೆಲ್ಲ ತಂತಮ್ಮ ಲೋಕ ಕಳೆದುಕೊಂಡು ಒಂದೇ ಲೋಕಕ್ಕೆ ಬಂದು ಬೀಳುವ ಕಥೆ ಅದು. ಹಿಮದ ನಾಡಿನ ಕತ್ತಿಯ ಹುಡುಗಿ, ರೇಸ್ ಕಾರಿನಿಂದ ಇಳಿದುಬಂದ ಹೆಲ್ಮೆಟ್ಟಿನವನು, ನರಿ ಮುಖದ ಮಾಂತ್ರಿಕ, ಎಲ್ಲರೂ ಒಟ್ಟಿಗೆ. ಊಟಕ್ಕೆ ಕೂತರೂ ಅವನಿಗೆ ಅದೇ ಮಾತು. ಅವರಲ್ಲೆಲ್ಲ ಅವನಿಗೆ ಇಷ್ಟವಾದವನು ತಲೆಯ ಮೇಲೆ ಎರಡು ಕೊಂಬುಗಳಿದ್ದ ಒಬ್ಬ ಮುದಿ ಕಾವಲುಗಾರ. ಉಳಿದವರು ದಾಟಿಹೋಗಲಿ ಎಂದು ಅವನು ಸೇತುವೆಯ ಮೇಲೆ ಒಬ್ಬನೇ ನಿಲ್ಲುತ್ತಾನೆ. ಸೇತುವೆ ಮುರಿಯುತ್ತದೆ, ಅವನು ಪ್ರಪಾತಕ್ಕೆ ಬೀಳುತ್ತಾನೆ.

"ಎಷ್ಟ್ ಚೆನ್ನಾಗ್ ಆಡಿದ್ರೂ ಸಾಯ್ತಾನೆ ಅಕ್ಕ," ಎನ್ನುತ್ತಿದ್ದ. "ಬೇಗ ದಾಟಿಸ್ದೆ, ಬೇರೆ ದಾರೀಲಿ ಹೋದೆ, ಏನ್ ಮಾಡಿದ್ರೂ ಅಷ್ಟೇ. ಆಟಾನೇ ಹಂಗ್ ಮಾಡ್ಬಿಟ್ಟಿದಾರೆ."

ಆ ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಬಿಟ್ಟು ಬಿಟ್ಟು ಬರುತ್ತಿತ್ತು. ಟೈಫಾಯ್ಡ್ ಇರಬೇಕು ಅಂದುಕೊಂಡೆವು. ಗಂಜಿ ಕೊಟ್ಟೆವು, ಮಾತ್ರೆ ಕೊಟ್ಟೆವು. ಆಮೇಲೆ ತಲೆನೋವು, ವಾಂತಿ. ಒಂದು ಬೆಳಿಗ್ಗೆ ಅವನ ಕತ್ತು ಮರದ ಹಾಗೆ ಸೆಟೆದುಕೊಂಡಿತ್ತು. ಅಮ್ಮ ಕರೆದರೆ ಅವನಿಗೆ ಅಮ್ಮನ ಗುರುತೇ ಹತ್ತಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಕೋಲಾರಕ್ಕೆ ಒಯ್ದೆವು. ಬೆನ್ನಿನಿಂದ ನೀರು ತೆಗೆದು ನೋಡಿದ ಡಾಕ್ಟರು, ಮಿದುಳಿನ ಪೊರೆಗೆ ಕ್ಷಯ ತಗುಲಿದೆ ಎಂದರು. ಉಳಿಯುತ್ತಾನಾ ಎಂದು ಅಪ್ಪ ಕೇಳಿದಾಗ ಅವರು ಅಪ್ಪನ ಭುಜ ಮುಟ್ಟಿ ಒಳಗೆ ಹೋದರು.

ಅವನು ಉಳಿದ. ಮಾತು ತಿರುಗಿ ಬಂತು, ನೆನಪೂ ಬಂತು. ಆದರೆ ಕಣ್ಣಿನ ಮುಂದೆ ಮಂಜು ಕವಿದಿದೆ ಎಂದ. ವಾರ ಕಳೆಯುವಷ್ಟರಲ್ಲಿ ಆ ಮಂಜೂ ಕಪ್ಪಾಯಿತು.

"ನಿಶ್ಶಕ್ತಿ ಕಣೋ ಕಂದ, ಊಟ ಸೇರಿದ್ರೆ ಕಾಣ್ಸುತ್ತೆ," ಅನ್ನುತ್ತಿದ್ದಳು ಅಮ್ಮ. ಅಪ್ಪ ಮಧ್ಯಾಹ್ನದ ಬಸ್ಸಿಗೆ ಬಂದು ಅವನ ಹಣೆಗೆ ತೀರ್ಥ ಹಚ್ಚಿ, "ನಾಳೆ ನಾಡಿದ್ದರಲ್ಲಿ ಸರಿಹೋಗುತ್ತೆ," ಅನ್ನುತ್ತಿದ್ದರು. ನರ್ಸುಗಳೂ ಹಾಗೇ ಅಂದರು. ಹೀಗೆ ಎಲ್ಲರೂ ಸೇರಿ ಅವನ ಸುತ್ತ ನಾಳೆಗಳನ್ನು ಪೇರಿಸಿದೆವು. ಅವನು ಬೆಳಿಗ್ಗೆ ಎದ್ದವನೇ ಕಣ್ಣುಗಳನ್ನು ಇಷ್ಟಗಲ ತೆರೆದು, ಕಿಟಕಿ ಇದೆ ಎಂದು ತಾನು ತಿಳಿದಿದ್ದ ಕಡೆಗೆ ಮುಖ ತಿರುಗಿಸಿ ಕಾಯುತ್ತಿದ್ದ. ಕಿಟಕಿ ಇದ್ದದ್ದು ಇನ್ನೊಂದು ಕಡೆ.

ಪಕ್ಕದ ಮಂಚದಲ್ಲಿ ರಾಯಲ್ಪಾಡಿನ ಕಡೆಯ ಒಬ್ಬ ಮುದುಕರಿದ್ದರು. ಮಾವಿನ ತೋಟದವರು, ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿ ಸೇರಿದ್ದರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ದೊಡ್ಡ ದನಿ ಮಾಡಿ ಮಾತಾಡುವವರು. ಒಂದು ದಿನ ಅಮ್ಮ ಬಟ್ಟೆ ಒಗೆಯಲು ಹೋಗಿದ್ದಾಗ ತಮ್ಮ ಅವರನ್ನು ಕೇಳಿಬಿಟ್ಟ.

"ತಾತ, ನನ್ ಕಣ್ಣು ಬರುತ್ತಾ?"

"ಬರಲ್ಲ ಅಂತ ಡಾಕ್ಟ್ರು ಆಚೆ ನಿಮ್ ನಾಯನಂಗೆ, ನಿಮ್ಮಪ್ಪಂಗೆ ಹೇಳ್ತಾ ಇದ್ರಪ್ಪ," ಎಂದರು ಅವರು. "ನರ ಸತ್ತೋಯ್ತಂತೆ. ನಾನೇ ಕೇಳಿಸ್ಕೊಂಡೆ."

ನಾನು ಬಾಗಿಲಲ್ಲಿದ್ದೆ. ತಮ್ಮ ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಅಂದಿನಿಂದ ಊಟ ಬಿಟ್ಟ, ನಮ್ಮ ಯಾರ ಜೊತೆಗೂ ಮಾತು ಬಿಟ್ಟ. ಅಮ್ಮ ಒದ್ದೆ ಬಟ್ಟೆ ಹಿಡಿದು ಬಂದವಳು ವಿಷಯ ತಿಳಿದು, ವಾರ್ಡಿನಲ್ಲಿದ್ದವರೆಲ್ಲ ಎದ್ದು ನೋಡುವ ಹಾಗೆ ಆ ಮುದುಕರಿಗೆ ಬೈದಳು. ಅವರು ತಲೆ ತಗ್ಗಿಸಿ ಕೂತಿದ್ದರು. "ಕೇಳ್ದ, ಹೇಳ್ದೆ ತಾಯೀ," ಎಂದಷ್ಟೇ ಅಂದರು.

ಅದೇ ವಾರ ಮಾಲೂರಿನಿಂದ ನಮ್ಮ ಸೋದರಮಾವ ಬಂದರು. ಅವರ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಜಪಾನಿನವರೊಬ್ಬರು ಊರಿಗೆ ಹೊರಡುವಾಗ ಬಿಟ್ಟುಹೋದ ಪುಸ್ತಕವೊಂದು ಅವರ ಕೈಯಲ್ಲಿತ್ತು. ದಪ್ಪನೆಯ ಚಿತ್ರಕಥೆ. ಅಕ್ಷರವೆಲ್ಲ ಜಪಾನಿ.

"ನೀನ್ ಆಡ್ತೀಯಲ್ಲ, ಅಂಥದ್ದೇ ಒಂದು ಆಟದಿಂದ ಮಾಡಿರೋ ಪುಸ್ತಕ ಅಂತೆ ಕಣೋ," ಎಂದು ಮಾವ ಅದನ್ನು ತಮ್ಮನ ಎದೆಯ ಮೇಲಿಟ್ಟರು. ಕಣ್ಣಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತರು.

ನಾನು ರಟ್ಟು ನೋಡಿದೆ. ಕತ್ತಿ ಹಿಡಿದ ಹುಡುಗಿ. ಪಕ್ಕದಲ್ಲಿ ಹೆಲ್ಮೆಟ್ಟಿನವನು. ಅವರ ಹಿಂದೆ, ಇಡೀ ಆಕಾಶದಷ್ಟು, ಎರಡು ಕೊಂಬು.

"ನಿನ್ ಆಟಾನೇ ಕಣೋ!" ಎಂದು ಕೂಗಿಬಿಟ್ಟೆ.

ತಮ್ಮ ಈ ಕಡೆ ತಿರುಗಿದ. ಬಹಳ ಹೊತ್ತು ಪುಸ್ತಕವನ್ನು ಸವರುತ್ತಿದ್ದ. ಆಮೇಲೆ, "ಹೇಳು," ಎಂದ.

ಅಂದಿನಿಂದ ಅದೇ ನನ್ನ ಕೆಲಸವಾಯಿತು. ಆ ಪುಸ್ತಕವನ್ನು ನಾವು ಮುಗಿಸುವ ಕಡೆಯಿಂದ ಶುರುಮಾಡಬೇಕು, ಚಿತ್ರಗಳನ್ನೂ ಬಲದಿಂದ ಎಡಕ್ಕೆ ನೋಡಬೇಕು ಎಂದು ಮಾವ ಹೇಳಿದ್ದರು. ನಾನು ನೋಡಿದ್ದನ್ನು ಹೇಳುತ್ತಿದ್ದೆ, ಅವನು ಆಡಿದ್ದನ್ನು ನೆನೆದು ಅರ್ಥ ಹೇಳುತ್ತಿದ್ದ. "ಬಾಗಿಲ ಮುಂದೆ ನರಿ ಕೂತಿದೆ," ಎಂದರೆ, "ಅದು ಬೀಗದ ಮಂತ್ರ ಕೇಳ್ತಿದೆ," ಎನ್ನುತ್ತಿದ್ದ. ಚಿತ್ರ ಹೇಳಬೇಕಾದರೆ ಮೊದಲು ಒಂದು ತುತ್ತು ತಿನ್ನಬೇಕು ಎಂದೆ. ತಿಂದ. ಅಮ್ಮ ತಟ್ಟೆ ಹಿಡಿದು ಕೂತಿರುತ್ತಿದ್ದಳು.

ಸೇತುವೆ ಬಂತು. ಅವನು ಎದ್ದು ಕೂತ. ಹಲಗೆಗಳು ಸಿಡಿದದ್ದು, ಹುಡುಗಿ ಕೈ ಚಾಚಿದ್ದು, ಕಾವಲುಗಾರ ಕತ್ತಲೆಗೆ ಬಿದ್ದದ್ದು, ಎಲ್ಲವನ್ನೂ ಹೇಳಿದೆ. ನಾನು ಪುಟ ತಿರುಗಿಸಿದೆ. ಮುಂದಿನ ಪುಟವೆಲ್ಲ ಕಪ್ಪು ಮಸಿ, ಅದರ ನಡುವೆ ಪ್ರಪಾತದ ಅಂಚಿಗೆ ಹತ್ತಿ ನಿಂತ ಒಂದು ಆಕಾರ.

"ಬದುಕಿದಾನೆ ಕಣೋ," ಎಂದೆ.

ಅವನ ಮುಖ ಕಲ್ಲಾಯಿತು. "ಸುಳ್ಳು."

"ಇಲ್ವೋ, ಇಲ್ಲಿದಾನೆ, ನಿಂತಿದಾನೆ!"

"ಆಟದಲ್ಲಿ ಸಾಯ್ತಾನೆ. ನಂಗ್ ಗೊತ್ತಿಲ್ವಾ? ಸೇತುವೆ ಮುರಿಯೋಕ್ ಮುಂಚಿನ ಪುಟ ತೆಗ್ದಿದೀಯ. ಇಲ್ಲಾಂದ್ರೆ ನನ್ ಸಮಾಧಾನಕ್ಕೆ ಹೇಳ್ತಿದೀಯ. ಎಲ್ರೂ ಹೇಳೋ ಹಾಗೆ."

ಆಟವೇ ಬೇರೆ, ಪುಸ್ತಕ ಬರೆದವರು ಕಥೆ ಬದಲಾಯಿಸಿರಬಹುದು ಎಂದೆ. ದೇವರಾಣೆ ಎಂದೆ. ಪುಟದ ಮೇಲೆ ಅವನ ಬೆರಳನ್ನು ಒತ್ತಿ ಹಿಡಿದು, "ಇಲ್ಲಿ, ಇಲ್ಲೇ," ಎಂದೆ. ಬೆರಳಿಗೆ ಸಿಕ್ಕಿದ್ದು ನುಣುಪು ಕಾಗದ. ಅವನು ಕೈ ಕಿತ್ತುಕೊಂಡು ಪುಸ್ತಕವನ್ನು ನೂಕಿದ, ಅಮ್ಮನ ಕೈಯಲ್ಲಿದ್ದ ತಟ್ಟೆಯನ್ನೂ ನೂಕಿದ. ಮೊಸರನ್ನ ನೆಲದ ತುಂಬ ಚೆಲ್ಲಿತು. "ನನ್ನನ್ ಯಾಕ್ ಉಳಿಸ್ಕೊಂಡ್ರಿ? ಯಾಕ್ ಉಳಿಸ್ಕೊಂಡ್ರಿ?" ಎಂದು ಕಿರುಚತೊಡಗಿದ.

ನಿಜ ಹೇಳಿಯೂ ನಂಬಿಸಲಾಗದ ಆ ಗಳಿಗೆಯಂಥ ಗಳಿಗೆಯನ್ನು ನಾನು ಆಮೇಲೆ ಕಂಡಿಲ್ಲ. ಪುಸ್ತಕ ಎತ್ತಿಕೊಂಡು, ಅಮ್ಮ ನೋಡುತ್ತಿದ್ದಂತೆಯೇ, ಪಕ್ಕದ ಮಂಚಕ್ಕೆ ಹೋದೆ.

"ತಾತ, ಇದನ್ನ ನೋಡಿ ಅವನಿಗೆ ಹೇಳಿ."

"ನಂಗ್ ಓದೋಕ್ ಬರಲ್ಲಮ್ಮಾ."

"ಓದೋದ್ ಬೇಡ. ಏನ್ ಕಾಣ್ಸುತ್ತೋ ಅದನ್ನ ಹೇಳಿ ಸಾಕು."

ಅವರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವರು ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದರು, ಕಿಟಕಿಯ ಬೆಳಕಿಗೆ ವಾಲಿಸಿದರು.

"ಅಬ್ಬಾಯ್," ಎಂದು ಕರೆದರು. ತಮ್ಮನ ಕಿರುಚಾಟ ನಿಂತಿತು. "ಒಬ್ಬ ನಿಂತವ್ನೆ. ಮುದುಕ. ಕೊಂಬು ಒಂದೈತೆ, ಇನ್ನೊಂದು ಬುಡಕ್ಕೇ ಮುರಿದೋಗೈತೆ."

"ಮುರಿದಿದ್ಯಾ?"

"ಮುರಿದೈತೆ. ಆಮೇಲೆ..." ಅವರು ಇನ್ನಷ್ಟು ಬಗ್ಗಿ ನೋಡಿದರು. "ಚೆಯ್ಯಿ ಲೇದು ಅಬ್ಬಾಯ್. ಒಂದು ಕೈ ಇಲ್ಲ. ಬಟ್ಟೆ ಬರೀ ಜೋತಾಡ್ತೈತೆ."

ಆ ಕೈಯನ್ನು ನಾನು ಗಮನಿಸಿರಲಿಲ್ಲ. ಮಸಿಯ ನಡುವೆ ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಸೇತುವೆ ಮೇಲೆ ಎರಡೂ ಇತ್ತು," ಎಂದ ತಮ್ಮ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಕೊಂಬೂ ಎರಡಿತ್ತು, ಕೈಯೂ ಎರಡಿತ್ತು. ಹಂಗಾದ್ರೆ ಇದು ಬಿದ್ದ ಮೇಲಿಂದು."

"ಬಿದ್ದು ಎದ್ದವನೇ ಇವ್ನು. ಮೈಯೆಲ್ಲ ಮಣ್ಣು."

"ಅವನ ಮುಖ ಹೆಂಗಿದೆ ತಾತ?"

ಮುದುಕರು ತುಂಬ ಹೊತ್ತು ನೋಡಿದರು. "ಸಿಟ್ಟಾಗವ್ನೆ," ಎಂದರು.

ತಮ್ಮ ಆಗ ಅತ್ತ. ಕಣ್ಣು ಹೋದ ಮೇಲೆ ಮೊದಲ ಸಲ, ಮೈಯೆಲ್ಲ ಅದುರುವಂತೆ, ಸಣ್ಣ ಮಗುವಿನ ಹಾಗೆ ಅತ್ತ. ಅಮ್ಮ ಮೊಸರನ್ನದ ಮೇಲೇ ಮಂಡಿಯೂರಿ ಅವನನ್ನು ತಬ್ಬಿಕೊಂಡಳು. ಈ ಸಲ ಅವಳು ನಾಳೆಯ ಮಾತು ಎತ್ತಲಿಲ್ಲ.

ಅದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವನು ಊಟ ಮಾಡಿದ, ನಮ್ಮ ಜೊತೆ ಮಾತಾಡಿದ, ಅಷ್ಟೇ. ಮುದುಕರನ್ನು ಅವರ ಮಕ್ಕಳು ಬೇರೆ ಆಸ್ಪತ್ರೆಗೆ ಕರೆದೊಯ್ದರು. ಹೋಗುವಾಗ ಅವರು ಅಮ್ಮನಿಗೆ ಕೈ ಮುಗಿದರು. ಅಮ್ಮ ಮುಖ ತಿರುಗಿಸಿದಳು. ಅವಳು ಅವರನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಮನೆಗೆ ಬಂದ ಮೇಲಿನ ತಿಂಗಳುಗಳು ಆಸ್ಪತ್ರೆಗಿಂತ ಕಷ್ಟವಾಗಿದ್ದವು. ಅವನು ಹೊಸಿಲಿಗೆ ಎಡವುತ್ತಿದ್ದ, ಎಡವಿದಾಗಲೆಲ್ಲ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಅಮ್ಮ ಹರಕೆ ಹೊತ್ತಳು, ಶ್ರೀನಿವಾಸಪುರದ ನಾಟಿ ವೈದ್ಯರ ಸೊಪ್ಪಿನ ರಸ ಹಾಕಿಸಿದಳು. ಕೊನೆಗೆ ಬೆಂಗಳೂರಿನ ಕಣ್ಣಿನ ಡಾಕ್ಟರೊಬ್ಬರ ಬಳಿ ಹೋದೆವು. ಅವರು ಪರೀಕ್ಷೆ ಮುಗಿಸಿ ಅಪ್ಪನನ್ನು ಹೊರಗೆ ಕರೆಯಲು ಎದ್ದರು.

"ಇಲ್ಲೇ ಹೇಳಿ ಸಾರ್," ಎಂದ ತಮ್ಮ. "ನನಗೇ ಹೇಳಿ."

ಅವರು ಅವನ ಎದುರು ಕೂತು ಹೇಳಿದರು. ನೋಟ ಬರುವುದಿಲ್ಲ ಎಂದರು. ಕಣ್ಣಿಲ್ಲದ ಮಕ್ಕಳ ಶಾಲೆಯಲ್ಲಿ ಅಕ್ಷರವನ್ನು ಬೆರಳಿನಿಂದ ಓದಲು ಕಲಿಸುತ್ತಾರೆ, ತಡಮಾಡಬೇಡಿ ಎಂದರು. ಅಮ್ಮ ಕುರ್ಚಿಯಿಂದ ಕುಸಿದಳು. ತಮ್ಮ ತಡಕಾಡಿ ಅವಳ ಕೈ ಹುಡುಕಿದ.

ಮರುವರ್ಷದ ಜೂನಿನಲ್ಲಿ ಅವನನ್ನು ಬೆಂಗಳೂರಿನ ಅಂಥದೊಂದು ಶಾಲೆಗೆ ಬಿಟ್ಟುಬಂದೆವು. ಗೇಟಿನ ಹತ್ತಿರ ಅವನು ಅಪ್ಪನ ಅಂಗಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ, ಆಯಾ ಒಂದೊಂದೇ ಬೆರಳು ಬಿಡಿಸಬೇಕಾಯಿತು. ಬಿಡಿಸಿದ ಮೇಲೆ ಅವನು ನಮ್ಮ ಕಡೆಗೆ ತಿರುಗಲಿಲ್ಲ. ಆಯಾಳ ಮೊಣಕೈ ಹಿಡಿದು ಒಳಗೆ ನಡೆದ. ಅಮ್ಮ ರಸ್ತೆಯ ಆಚೆ ನಿಂತು, ಗೇಟು ಹಾಕಿದ ಮೇಲೂ, ಬಸ್ಸಿಗೆ ಹೊತ್ತಾಯಿತು ಎಂದು ಅಪ್ಪ ಎಷ್ಟು ಕರೆದರೂ, ಕದಲಲಿಲ್ಲ.