ಫ್ರಿಜ್ ಬಾಗಿಲಿನ ಮೂರು ಗೆಲುವು

ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ವಿದೇಶದಲ್ಲಿ, ಬಾಡ್‌ಹೂವೆಡಾರ್ಪ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಬಂದ ವಾರವೇ, ಮೊಮ್ಮಗಳು ಬೇಸ್‌ಬಾಲ್ ಆಡುವ ಕ್ಲಬ್ಬಿನಲ್ಲಿ ಅಂಕ ಬರೆಯುವ ಕೆಲಸ ಹಿಡಿದೆ.

ಬೇಸಿಗೆಯ ಕೊನೆಗೆ ಸುತ್ತಲಿನ ಕ್ಲಬ್ಬುಗಳಿಂದ ಒಳ್ಳೆಯ ಆಟಗಾರರನ್ನು ಆರಿಸಿ, ಎರಡು ತಂಡ ಮಾಡಿ ಆಲ್‌ಸ್ಟಾರ್ ಪಂದ್ಯ ಆಡಿಸುತ್ತಾರೆ. ಮೊಮ್ಮಗಳು ಮೂರು ವರ್ಷ ಆಯ್ಕೆಯಾದಳು. ಮೂರೂ ಸಲ ಅವಳಿದ್ದ ತಂಡವೇ ಗೆದ್ದಿತು. ನಾನು ಸ್ಕೇಲಿಟ್ಟು ಗೆರೆ ಎಳೆದು, ಗೆಲುವು 3, ಸೋಲು 0 ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮನೆಗೆ ಬಂದವರು ಯಾರೂ ಅದನ್ನು ಓದದೆ ಕಾಫಿ ಕುಡಿದದ್ದಿಲ್ಲ.

ನಾಲ್ಕನೇ ಪಂದ್ಯದ ಬೆಳಗ್ಗೆ ಉಪ್ಪಿಟ್ಟಿನ ತಟ್ಟೆಯನ್ನು ಅವಳು ಆಚೆ ತಳ್ಳಿದಳು.

"ತಾತ, ಕಾಲು ನೋವು. ನಾನ್ ಆಡಲ್ಲ."

"ಈಗ ತಾನೆ ಮೆಟ್ಟಿಲು ಎರಡೆರಡು ಹಾರ್ಕೊಂಡು ಇಳ್ದೆಯಲ್ಲೇ!"

ಅವಳು ಫ್ರಿಜ್ಜಿನ ಕಡೆ ನೋಡಿದಳು. "ಸೋತ್ರೆ ತ್ರೀ-ಒನ್ ಆಗತ್ತೆ. ನೀವು ಎಲ್ರಿಗೂ ತೋರಿಸ್ತೀರ."

"ಅಂಟಿಸಿದ್ದು ನೀವೇ ಅಲ್ವಾ ಅಪ್ಪ, ಈಗ ಅನುಭವಿಸಿ," ಎಂದು ಮಗಳು ಒಲೆಯ ಹತ್ತಿರದಿಂದಲೇ ಚುಚ್ಚಿದಳು.

ನನಗೆ ನಾಚಿಕೆಯಾಯಿತು. ಅಂಕ ಬರೆದವನು ನಾನೇ. ಮೊದಲ ವರ್ಷ ಅವಳು ಅರ್ಧ ಆಟ ಬೆಂಚಿನಲ್ಲಿ ಕೂತಿದ್ದಳು, ಎರಡನೆಯ ವರ್ಷ ಬ್ಯಾಟ್ ಹಿಡಿದಾಗಲೆಲ್ಲ ಔಟಾಗಿದ್ದಳು. ತಂಡದ ಗೆಲುವನ್ನು ಒಂದು ಹುಡುಗಿಯ ಹೆಸರಿಗೆ ಬರೆದು, ಅದನ್ನು ಕಾಯುವ ಕೆಲಸವನ್ನೂ ಅವಳಿಗೇ ಹೊರಿಸಿದ್ದೆ.

"ಈ ಹಾಳೇಲಿ ಇವತ್ತಿಂದು ಬರೆಯಲ್ಲ. ಹೋಗಿ ಆಡು."

"ಪ್ರಾಮಿಸ್?"

"ಪ್ರಾಮಿಸ್."

ಆಡಿದಳು. ಒಂದು ರನ್ನಿನಿಂದ ಸೋತರು. ಕೊನೆಯ ಸರದಿಯಲ್ಲಿ ಚೆಂಡನ್ನು ದೂರ ಹೊಡೆದು ಎರಡನೇ ಬೇಸ್ ಮುಟ್ಟಿದ್ದಳು; ಇನ್ನರ್ಧ ಸುತ್ತು ಓಡಿ ಬಂದಿದ್ದರೆ ಅಂಕ ಸಮವಾಗುತ್ತಿತ್ತು. ಮುಂದೆ ಬಂದವಳು ಔಟಾದಳು, ಆಟ ಮುಗಿಯಿತು. ಇವಳು ಮಾತ್ರ ಸ್ವಲ್ಪ ಹೊತ್ತು ಆ ಬೇಸಿನ ಮೇಲೇ ನಿಂತಿದ್ದಳು.

ಮಾರನೆಯ ಬೆಳಗ್ಗೆ ಆರಕ್ಕೆ ಹಾಲು ತೆಗೆಯಲು ಹೋದೆ. ಹಾಳೆಯಲ್ಲಿ ನನ್ನ ಸೊನ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಯಾರೋ 1 ಬರೆದಿದ್ದರು. ಅವಳು ಎದ್ದು ಬಂದಾಗ ಕೇಳಿದೆ.

"ನೀವು ಬರೆಯಲ್ಲ ಅಂದ್ರಿ. ನಾನು ಪ್ರಾಮಿಸ್ ಮಾಡಿಲ್ವಲ್ಲ," ಎಂದಳು. "ಆಡಿದೀನಿ ತಾತ. ಬರೀಬೇಕು ತಾನೆ?"

ಅವಳ 1 ನನ್ನ ಗೆರೆ ದಾಟಿ ಹೊರಗೆ ಚಾಚಿತ್ತು. ರಬ್ಬರ್ ಡ್ರಾಯರಿನಲ್ಲೇ ಇತ್ತು. ತೆಗೆಯಲಿಲ್ಲ.