ನೂಲು ಕಡಿಯುವ ಹಲ್ಲು

ಮಗ್ಗದ ಮುಂದೆ ಬೆಳೆದವರಿಗೆ ಕತ್ತರಿ ದೂರ, ಹಲ್ಲು ಹತ್ತಿರ. ನೂಲು ಹರಿದರೆ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದಲೇ ಕಡಿದು, ಮತ್ತೆ ಲಾಳಿ ಓಡಿಸಬೇಕು. ಗದಗಿನ ಬೆಟಗೇರಿಯಲ್ಲಿ ವರ್ಷಗಟ್ಟಲೆ ಹಾಗೆ ಕಡಿದು ಕಡಿದು ನನ್ನ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಬಿದ್ದಿದೆ. ಅದೇ ನನ್ನ ಜಂಬ. ಮಗ್ಗ ಬಿಟ್ಟು ಅರಿವೆ ಅಂಗಡಿ ಸೇರಿದ ಮೇಲೂ ಗಿರಾಕಿಗಳ ಮುಂದೆ ದಾರ ಕಡಿದು ತೋರಿಸುತ್ತಿದ್ದೆ. ನೂಲು ಕಡಿಯುವ ತನಕ ಬಾಯಿ ಚಲೋ ಎಂದೇ ನಮ್ಮ ಮಂದಿಯ ನಂಬಿಕೆ. ದವಡೆಹಲ್ಲು ಒಂದೊಂದಾಗಿ ಉದುರಿದ್ದು ಗೊತ್ತಿತ್ತು. ಆದರೆ ದವಡೆಯಿಂದ ಯಾರು ನೂಲು ಕಡಿಯುತ್ತಾರೆ?

ಹೋದ ವರ್ಷ ಓಣಿಯ ಶಾಲೆಯಲ್ಲಿ ಹಿರಿಯರ ಹಲ್ಲಿನ ತಪಾಸಣೆ ಇಟ್ಟಿದ್ದರು. ಬಾಗಿಲಲ್ಲಿ ಹಾಳೆ ಹಿಡಿದು ಕುಳಿತ ಹುಡುಗಿ ಕೇಳಿದಳು, "ಅಜ್ಜಾರ, ನಿಮ್ಮ ಬಾಯಿ ಹೆಂಗೈತ್ರಿ?"

"ಏನಾಗೇತಿ? ಕಲ್ಲು ಕೊಟ್ರೂ ಕಡೀತೀನಿ. ಚಲೋ ಐತಂತ ಬರ್ಕೋ."

ಅವಳು ನನ್ನ ಹೆಂಡತಿಯ ಕಡೆ ತಿರುಗಿದಳು. ಹೆಂಡತಿ ಎಂದಿನಂತೆ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ನನಗೆ ಅಂಗಡಿಗೆ ಹೊತ್ತಾಗಿತ್ತು. "ಆಕೀದೂ ಚಲೋನ ಐತಿ, ಬರ್ಕೋವಾ," ಎಂದವನೇ ಅವಳನ್ನು ಕರೆದುಕೊಂಡು ಹೊರಟೆ. ಡಾಕ್ಟರು ಒಳಗೆ ಕುಳಿತಿದ್ದರು. ನಾವು ಒಳಗೆ ಹೋಗಲೇ ಇಲ್ಲ.

ಈಚೆಗೆ ಲಕ್ಷ್ಮೇಶ್ವರದ ತಂಗಿಯ ಮನೆಗೆ ಒಬ್ಬನೇ ಹೋಗಿದ್ದೆ. ತಟ್ಟೆಯಲ್ಲಿ ಒಣಗಿ ಗರಿಗರಿಯಾದ ಕಟಕ ರೊಟ್ಟಿ, ಬದನೆಯ ಎಣ್ಣಿಗಾಯಿ. ಮುಂದಿನ ಹಲ್ಲಿನಿಂದ ಮುರಿದೆನೇನೋ ಸರಿ, ಅಗಿಯುವುದು ಯಾವುದರಿಂದ? ಚೂರು ಒಸಡಿಗೆ ಚುಚ್ಚಿ ಕಣ್ಣಲ್ಲಿ ನೀರು ಬಂತು. ತಂಗಿ ನಕ್ಕಳು.

"ಮನ್ಯಾಗ ವೈನಿ ದಿನಾ ಮೆತ್ತನ್ನ ರೊಟ್ಟಿ ಮಾಡ್ತಾಳ, ಅದಕ್ಕ ನಿಂಗ ಗೊತ್ತಾಗಿಲ್ಲ. ಪಾಪ, ಆಕಿಗೂ ಅಗಿಯಾಕ ಆಗೂದಿಲ್ಲಲ್ಲ ಅಣ್ಣಾ."

ಆಕಿಗೂ? ಬಸ್ಸಿನಲ್ಲಿ ಗದಗಿನ ತನಕ ನನಗೆ ಅದೇ ಯೋಚನೆ. ನಮ್ಮ ಮನೆಯಲ್ಲಿ ಕಟಕ ರೊಟ್ಟಿ ಯಾವಾಗ ನಿಂತಿತು ಎಂಬುದು ನೆನಪಾಗಲಿಲ್ಲ. ಇಷ್ಟು ವರ್ಷ ಜೊತೆಗೆ ಉಂಡವಳ ಬಾಯಲ್ಲಿ ಎಷ್ಟು ಹಲ್ಲಿವೆ ಎಂಬುದೂ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಮನೆಗೆ ಬಂದವನೇ, "ಬಾಯಿ ತಗಿ, ನೋಡೂಣು," ಎಂದೆ.

"ವಯಸ್ಸಾದಮ್ಯಾಲ ಇದೇನ್ ಹುಚ್ಚಾಟರಿ?" ಎಂದು ಬೈದಳು. ನಾನು ಬಿಡಲಿಲ್ಲ. ಕೊನೆಗೆ ಸೆರಗು ಸರಿಸಿದಳು. ಎಡಗಡೆಯ ಒಸಡು ಕೆಂಪಗೆ ಬಾತಿತ್ತು. ಬಲಗಡೆ ಉಳಿದದ್ದು ಎರಡೇ ಹಲ್ಲು, ಅವೂ ಅಲುಗಾಡುತ್ತಿದ್ದವು.

"ಯಾವಾಗಿಂದ ನೋಯ್ತೈತಿ?"

"ಸಾಲಿಗೆ ತೋರಸಾಕ ಹೋಗಿದ್ವಲ್ಲ, ಅದಕ್ಕಿಂತ ಮದಲಿಂದನ."

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ನಾ ಹೇಳೂದ್ರಾಗ ನೀವ ಹೇಳಿಬಿಟ್ರಲ್ಲ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಸುಟ್ಟಿತು.

ಮರುದಿನ ದವಾಖಾನೆಗೆ ಕರೆದೊಯ್ದೆ. "ಎಲ್ಲಿ ನೋಯ್ತೈತ್ರಿ ಅಮ್ಮಾ?" ಎಂದರು ಡಾಕ್ಟರು. ಅವಳು ನನ್ನ ಮುಖ ನೋಡಿದಳು. ಈ ಸಲ ಅವಳೇ ಹೇಳಲಿ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಾನು ಉತ್ತರ ಕೊಡಲಿ ಎಂದು ಅವಳು ಬಹಳ ಹೊತ್ತು ಕಾಯ್ದಳು.